ಪ್ರತಿದೀಪ್ತ ಬಣ್ಣಗಳು (ಕ್ಯಾನ್ಸರ್ ಚಿಕಿತ್ಸೆ)

ಬೆಳಕನ್ನು ಹೀರಿಕೊಂಡು ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುವ ವಸ್ತುಗಳನ್ನು ಪ್ರತಿದೀಪ್ತ ಬಣ್ಣಗಳು ಎನ್ನುತ್ತಾರೆ. ಇವುಗಳಲ್ಲಿ ಕೆಲವು ಹೀರಿದ ಶಕ್ತಿಯ ಒಂದು ಪಾಲನ್ನು ಸುತ್ತಲಿನ ಆಮ್ಲಜನಕಕ್ಕೆ ದಾಟಿಸಿ, ಆ ಮೂಲಕ ಜೀವಕೋಶಗಳನ್ನು ಕೊಲ್ಲಬಲ್ಲವು. ಇಂಥ ಬಣ್ಣಗಳಿಗೆ ದ್ಯುತಿಸಂವೇದಕಗಳೆಂದು ಹೆಸರು. ಇವುಗಳನ್ನು ಬಳಸಿ ನಡೆಸುವ ಕ್ಯಾನ್ಸರ್ ಚಿಕಿತ್ಸೆಯನ್ನು ಫೋಟೋಡೈನಮಿಕ್ ಚಿಕಿತ್ಸೆ ಎಂದು ಕರೆಯಲಾಗುತ್ತದೆ. ಇದಕ್ಕೆ ಮೂರು ವಸ್ತುಗಳು ಒಂದೇ ಸ್ಥಳದಲ್ಲಿ, ಒಂದೇ ವೇಳೆಯಲ್ಲಿ ಕೂಡಿಬರಬೇಕು: ಬಣ್ಣ, ಅದು ಹೀರಬಲ್ಲ ತರಂಗಾಂತರದ ಬೆಳಕು ಮತ್ತು ಅಂಗಾಂಶದಲ್ಲಿರುವ ಆಮ್ಲಜನಕ. ಮೂರರಲ್ಲಿ ಒಂದು ಇಲ್ಲವಾದರೂ ಚಿಕಿತ್ಸೆ ನಡೆಯುವುದಿಲ್ಲ. ಬಣ್ಣವು ಕತ್ತಲೆಯಲ್ಲಿ ಬಹುಮಟ್ಟಿಗೆ ನಿರುಪದ್ರವಿಯಾಗಿರುವುದರಿಂದ, ಬೆಳಕು ಬಿದ್ದ ಜಾಗದಲ್ಲಷ್ಟೇ ಹಾನಿಯುಂಟುಮಾಡುವುದು ಸಾಧ್ಯವಾಗುತ್ತದೆ.

ಈ ವಿಧಾನವನ್ನು ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಮತ್ತು ಕೀಮೋಥೆರಪಿಗಳ ಜೊತೆಯಲ್ಲಿ, ಕೆಲವು ಸಂದರ್ಭಗಳಲ್ಲಿ ಅವುಗಳ ಬದಲಿಗೆ, ಬಳಸಲಾಗುತ್ತದೆ. ಚರ್ಮ, ಬಾಯಿ, ಅನ್ನನಾಳ, ಶ್ವಾಸನಾಳ, ಮೂತ್ರಕೋಶ ಮುಂತಾಗಿ ಬೆಳಕನ್ನು ತಲುಪಿಸಬಹುದಾದ ಅಂಗಗಳ ಗೆಡ್ಡೆಗಳಿಗೆ ಇದು ಹೆಚ್ಚು ಹೊಂದುತ್ತದೆ. ದೇಹದ ಹಲವೆಡೆ ಹರಡಿದ ಕ್ಯಾನ್ಸರನ್ನು ಇದರಿಂದ ಗುಣಪಡಿಸಲಾಗದು.

ಕಾರ್ಯವಿಧಾನ

ಬಣ್ಣದ ಅಣು ಒಂದು ಫೋಟಾನನ್ನು ಹೀರಿದಾಗ ಅದರ ಇಲೆಕ್ಟ್ರಾನೊಂದು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಸಿಂಗ್ಲೆಟ್ ಸ್ಥಿತಿ ಎನಿಸಿಕೊಳ್ಳುವ ಈ ಉದ್ರಿಕ್ತ ಸ್ಥಿತಿಯ ಆಯುಸ್ಸು ಸಾಮಾನ್ಯವಾಗಿ ಕೆಲವೇ ನ್ಯಾನೋಸೆಕೆಂಡು. ಆ ಅವಧಿಯಲ್ಲಿ ಅಣುವಿಗೆ ಮುಖ್ಯವಾಗಿ ಮೂರು ದಾರಿಗಳು ತೆರೆದಿರುತ್ತವೆ. ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳಬಹುದು; ಬೆಳಕಾಗಿ ಹೊರಸೂಸಬಹುದು, ಇದೇ ಪ್ರತಿದೀಪ್ತಿ; ಇಲ್ಲವೇ ಇಲೆಕ್ಟ್ರಾನಿನ ಭ್ರಮಣ ದಿಕ್ಕು ತಿರುಗಿ ಟ್ರಿಪ್ಲೆಟ್ ಎಂಬ ಇನ್ನೊಂದು ಸ್ಥಿತಿಗೆ ದಾಟಬಹುದು. ಟ್ರಿಪ್ಲೆಟ್ ಸ್ಥಿತಿಯಿಂದ ನೇರವಾಗಿ ಕೆಳಗಿಳಿಯುವುದು ಅಣುವಿಗೆ ಸುಲಭವಲ್ಲ. ಆದ್ದರಿಂದ ಅದು ಮೈಕ್ರೋಸೆಕೆಂಡುಗಳಷ್ಟು ಅಥವಾ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಮನುಷ್ಯರ ಲೆಕ್ಕದಲ್ಲಿ ಇದು ಏನೂ ಅಲ್ಲ. ಅಣುವಿನ ಲೆಕ್ಕದಲ್ಲಿ ಮಾತ್ರ ಇದು ದೀರ್ಘಕಾಲ. ಹತ್ತಿರದ ಆಮ್ಲಜನಕದ ಅಣುವಿಗೆ ಎದುರಾಗಲು ಸಾಕಾಗುವಷ್ಟು.

ಉಸಿರಾಟದ ಆಮ್ಲಜನಕವು ತನ್ನ ಸಹಜ ಸ್ಥಿತಿಯಲ್ಲೇ ಟ್ರಿಪ್ಲೆಟ್ ಆಗಿರುವುದು ಈ ಚಿಕಿತ್ಸೆಗೆ ಆಧಾರ. ಉದ್ರಿಕ್ತ ಬಣ್ಣದ ಅಣುವಿನಿಂದ ಶಕ್ತಿಯನ್ನು ಪಡೆದು ಅದು ಸಿಂಗ್ಲೆಟ್ ಆಮ್ಲಜನಕವಾಗುತ್ತದೆ. ಪ್ರತಿ ಮೋಲಿಗೆ ಸುಮಾರು 94 ಕಿಲೋಜೂಲ್ ಹೆಚ್ಚುವರಿ ಶಕ್ತಿಯುಳ್ಳ ಈ ರೂಪವು ಕೋಶಪೊರೆಯ ಕೊಬ್ಬು, ಪ್ರೋಟೀನು ಮತ್ತು ಡಿಎನ್ಎಗಳನ್ನು ಉತ್ಕರ್ಷಣೆಗೊಳಿಸುತ್ತದೆ. ನೀರಿನಲ್ಲಿ ಇದರ ಆಯುಸ್ಸು ಮೂರು ನಾಲ್ಕು ಮೈಕ್ರೋಸೆಕೆಂಡು. ಜೀವಕೋಶದೊಳಗೆ ಅದು ಒಂದು ಮೈಕ್ರೋಮೀಟರಿಗಿಂತ ಬಹಳ ಕಡಿಮೆ ದೂರವನ್ನಷ್ಟೇ ಕ್ರಮಿಸಬಲ್ಲದು. ಹಾಗಾಗಿ ಬಣ್ಣವು ಕೋಶದ ಯಾವ ಭಾಗದಲ್ಲಿ ಕುಳಿತಿದೆಯೋ ಆ ಭಾಗವೇ ಮೊದಲು ಹಾಳಾಗುತ್ತದೆ: ಮೈಟೋಕಾಂಡ್ರಿಯದಲ್ಲಿದ್ದರೆ ಮೈಟೋಕಾಂಡ್ರಿಯ, ಪೊರೆಯಲ್ಲಿದ್ದರೆ ಪೊರೆ. ಇದು ಎರಡನೆಯ ಬಗೆಯ ಕ್ರಿಯೆ. ಇದಲ್ಲದೆ ಬಣ್ಣವು ಇಲೆಕ್ಟ್ರಾನನ್ನೇ ವಿನಿಮಯ ಮಾಡಿಕೊಂಡು ಸೂಪರಾಕ್ಸೈಡ್, ಹೈಡ್ರಾಕ್ಸಿಲ್ ಮೊದಲಾದ ಮುಕ್ತಮೂಲಗಳನ್ನು ಹುಟ್ಟಿಸುವ ಮೊದಲನೆಯ ಬಗೆಯೂ ಇದೆ. ಗೆಡ್ಡೆಯ ನಾಶದಲ್ಲಿ ಕೋಶಗಳ ನೇರ ಸಾವಿನ ಜೊತೆಗೆ, ಅದಕ್ಕೆ ರಕ್ತ ಪೂರೈಸುವ ಸಣ್ಣ ನಾಳಗಳು ಮುಚ್ಚಿಹೋಗುವುದು ಮತ್ತು ದೇಹದ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತುಕೊಳ್ಳುವುದು ಕೂಡ ಪಾತ್ರ ವಹಿಸುತ್ತವೆ.

ಹೊಳಪು ಮತ್ತು ಮಾರಕತೆಯ ನಡುವಿನ ಪೈಪೋಟಿ

ಬೆಳಕಾಗಿ ಹೊರಹೋದ ಶಕ್ತಿ ಆಮ್ಲಜನಕಕ್ಕೆ ದೊರೆಯುವುದಿಲ್ಲ. ಆಮ್ಲಜನಕಕ್ಕೆ ಹೋದದ್ದು ಹೊಳಪಾಗುವುದಿಲ್ಲ. ಆದುದರಿಂದ ಅತ್ಯುತ್ತಮವಾಗಿ ಹೊಳೆಯುವ ಬಣ್ಣವು ಸಾಮಾನ್ಯವಾಗಿ ದುರ್ಬಲವಾದ ಔಷಧ. ಈ ಕ್ಷೇತ್ರದ ರಸಾಯನಶಾಸ್ತ್ರವೆಲ್ಲ ಬಹುಮಟ್ಟಿಗೆ ಈ ಒಂದು ಲೆಕ್ಕಾಚಾರದ ಸುತ್ತ ತಿರುಗುತ್ತದೆ.

ಒಂದೇ ಕುಟುಂಬದ ಮೂರು ಬಣ್ಣಗಳು ಇದನ್ನು ಸ್ಪಷ್ಟಪಡಿಸುತ್ತವೆ. ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ತಯಾರಿಸಿದ ಫ್ಲೋರೆಸೀನ್, ಕ್ಷಾರೀಯ ನೀರಿನಲ್ಲಿ ತಾನು ಹೀರಿದ ಪ್ರತಿ 100 ಫೋಟಾನುಗಳಲ್ಲಿ 90ಕ್ಕಿಂತ ಹೆಚ್ಚನ್ನು ಹಸಿರು ಬೆಳಕಾಗಿ ಹಿಂದಿರುಗಿಸುತ್ತದೆ. ಕಣ್ಣಿನ ಅಕ್ಷಿಪಟಲದ ರಕ್ತನಾಳಗಳನ್ನು ಚಿತ್ರಿಸಲು ನೇತ್ರವೈದ್ಯರು ಬಳಸುವುದು ಇದನ್ನೇ. ಇದೇ ಅಣುವಿಗೆ ನಾಲ್ಕು ಬ್ರೋಮಿನ್ ಪರಮಾಣುಗಳನ್ನು ಸೇರಿಸಿದರೆ ಇಯೋಸಿನ್ ದೊರೆಯುತ್ತದೆ. ಆಸ್ಪತ್ರೆಗಳ ರೋಗಲಕ್ಷಣ ಪ್ರಯೋಗಾಲಯಗಳಲ್ಲಿ ಅಂಗಾಂಶದ ಗಾಜುಪಟ್ಟಿಗಳಿಗೆ ಗುಲಾಬಿ ಬಣ್ಣ ಕೊಡುವುದು ಇದು. ನಾಲ್ಕು ಅಯೋಡಿನ್ ಮತ್ತು ನಾಲ್ಕು ಕ್ಲೋರಿನ್ ಪರಮಾಣುಗಳನ್ನು ಸೇರಿಸಿದರೆ ಸಿಗುವುದು ರೋಸ್ ಬೆಂಗಾಲ್. ಇದರ ಹೊಳಪು ತೀರ ಕ್ಷೀಣ. ಆದರೆ ಹೀರಿದ ಪ್ರತಿ 100 ಫೋಟಾನುಗಳಿಗೆ ಸುಮಾರು 75 ಸಿಂಗ್ಲೆಟ್ ಆಮ್ಲಜನಕ ಅಣುಗಳನ್ನು ಅದು ಉಂಟುಮಾಡುತ್ತದೆ. ಬ್ರೋಮಿನ್, ಅಯೋಡಿನ್‌ಗಳಂಥ ಭಾರವಾದ ಪರಮಾಣುಗಳ ಸಮೀಪದಲ್ಲಿ ಇಲೆಕ್ಟ್ರಾನಿನ ಭ್ರಮಣ ತಿರುಗುವುದು ಸುಲಭವಾಗುವುದೇ ಇದಕ್ಕೆ ಕಾರಣ. ಇದನ್ನು ಭಾರಪರಮಾಣು ಪರಿಣಾಮವೆನ್ನುತ್ತಾರೆ.

ಔಷಧವಾಗಿ ಬಳಸಬೇಕಾದ ಬಣ್ಣದಲ್ಲಿ ಹೊಳಪನ್ನು ಪೂರ್ತಿಯಾಗಿ ಕಳೆದುಕೊಳ್ಳುವುದೂ ಹಿತವಲ್ಲ. ಔಷಧ ಗೆಡ್ಡೆಯನ್ನು ತಲುಪಿದೆಯೇ, ಎಲ್ಲಿಯವರೆಗೆ ಹರಡಿದೆ, ಬೆಳಕು ಹಾಯಿಸಿದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ವೈದ್ಯರು ತಿಳಿಯುವುದು ಆ ಹೊಳಪಿನಿಂದಲೇ. ಚಿಕಿತ್ಸೆ ನಡೆಯುತ್ತಿದ್ದಂತೆ ಬಣ್ಣದ ಅಣುಗಳು ತಾವೂ ಒಡೆದುಹೋಗುತ್ತವೆ, ಹೊಳಪು ಕುಂದುತ್ತದೆ. ಆ ಕುಂದುವಿಕೆಯನ್ನು ಅಳೆದು ಚಿಕಿತ್ಸೆ ಎಷ್ಟು ಮುಂದುವರಿದಿದೆ ಎಂದು ಅಂದಾಜು ಮಾಡಬಹುದು.

ಇತಿಹಾಸ

ಸಸ್ಯದ ವಸ್ತು ಮತ್ತು ಬಿಸಿಲನ್ನು ಒಟ್ಟಿಗೆ ಬಳಸುವ ಪದ್ಧತಿ ಭಾರತದಲ್ಲಿ ಹಳೆಯದು. ತೊನ್ನಿಗೆ ಬಾಕುಚಿ ಅಥವಾ ಬಾವಂಚಿ ಬೀಜವನ್ನು ಹಚ್ಚಿ ಬಿಸಿಲಿಗೆ ಒಡ್ಡುವ ಕ್ರಮ ಆಯುರ್ವೇದದಲ್ಲಿದೆ. ಬೀಜದಲ್ಲಿರುವ ಸೋರಲೆನ್ ಎಂಬ ವಸ್ತು ಅತಿನೇರಳೆ ಕಿರಣಗಳಿಂದ ಪ್ರಚೋದಿತವಾಗಿ ಡಿಎನ್ಎಯ ಎಳೆಗಳನ್ನು ಬೆಸೆಯುತ್ತದೆ. ಈ ಕ್ರಿಯೆಗೆ ಆಮ್ಲಜನಕ ಬೇಕಿಲ್ಲ. ಆದ್ದರಿಂದ ಇದು ಫೋಟೋಡೈನಮಿಕ್ ಚಿಕಿತ್ಸೆಯ ನೆಂಟನೇ ಹೊರತು ಪೂರ್ವಜನಲ್ಲ. ಸೋರಲೆನ್ ಕುಟುಂಬದ ಔಷಧವನ್ನು ಇಂದು ಚರ್ಮದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೂ ಬಳಸುತ್ತಾರೆ.

ಬಣ್ಣಗಳ ಮಾರಕ ಗುಣ ಪತ್ತೆಯಾದದ್ದು ಆಕಸ್ಮಿಕವಾಗಿ. 1900ರ ಸುಮಾರಿಗೆ ಮ್ಯೂನಿಕ್ ನಗರದಲ್ಲಿ ಹರ್ಮನ್ ಫಾನ್ ಟಪ್ಪೈನರ್ ಅವರ ವಿದ್ಯಾರ್ಥಿಯಾಗಿದ್ದ ಆಸ್ಕರ್ ರಾಬ್, ಆಕ್ರಿಡೀನ್ ಎಂಬ ಬಣ್ಣವು ಪ್ಯಾರಮೀಸಿಯಂ ಜೀವಿಗಳ ಮೇಲೆ ಬೀರುವ ವಿಷಪರಿಣಾಮವನ್ನು ಅಳೆಯುತ್ತಿದ್ದರು. ಒಂದೇ ಪ್ರಮಾಣದ ಬಣ್ಣ ಹಾಕಿದರೂ ಜೀವಿಗಳು ಸಾಯಲು ಬೇಕಾದ ಸಮಯ ದಿನದಿಂದ ದಿನಕ್ಕೆ ಬೇರೆಯಾಗುತ್ತಿತ್ತು. ಗುಡುಗು ಮಳೆಯಿಂದ ಮಬ್ಬುಗವಿದ ದಿನ ಅವು ಹೆಚ್ಚು ಹೊತ್ತು ಬದುಕಿದ್ದನ್ನು ಕಂಡಾಗ, ವ್ಯತ್ಯಾಸಕ್ಕೆ ಕಾರಣ ಬೆಳಕು ಎಂದು ತಿಳಿಯಿತು. ಟಪ್ಪೈನರ್ ಮತ್ತು ಚರ್ಮವೈದ್ಯ ಯೆಸಿಯೋನೆಕ್ 1903ರಲ್ಲಿ ಚರ್ಮದ ಗೆಡ್ಡೆಗಳಿಗೆ ಇಯೋಸಿನ್ ಹಚ್ಚಿ ಬೆಳಕು ಬೀರಿ ನೋಡಿದರು. ಆಮ್ಲಜನಕವಿಲ್ಲದೆ ಈ ಕ್ರಿಯೆ ನಡೆಯದೆಂದು ತೋರಿಸಿ, ಅದಕ್ಕೆ ಫೋಟೋಡೈನಮಿಕ್ ಎಂಬ ಹೆಸರನ್ನು ಕೊಟ್ಟವರೂ ಟಪ್ಪೈನರ್ ಬಳಗದವರೇ.

1912ರಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಸ್ ರಕ್ತದಿಂದ ಪಡೆದ ಹೆಮಟೋಪಾರ್ಫಿರಿನ್ ಬಣ್ಣದ 200 ಮಿಲಿಗ್ರಾಮನ್ನು ತನಗೇ ಚುಚ್ಚಿಕೊಂಡರು. ಬಿಸಿಲಿಗೆ ಹೋದಾಗ ಅವರ ಮುಖ ಗುರುತು ಸಿಗದಷ್ಟು ಊದಿಕೊಂಡಿತು. ಬೆಳಕಿಗೆ ನೋಯುವ ಸ್ಥಿತಿ ಸುಮಾರು ಎರಡು ತಿಂಗಳು ಉಳಿಯಿತು. ಇಂದಿಗೂ ಈ ಚಿಕಿತ್ಸೆಯ ಮುಖ್ಯ ತೊಂದರೆಯಾಗಿರುವ ಬಿಸಿಲಿನ ಸೂಕ್ಷ್ಮತೆಗೆ ಇದು ಅತ್ಯಂತ ಪ್ರಸಿದ್ಧ ದಾಖಲೆ.

ಮುಂದಿನ ದಶಕಗಳಲ್ಲಿ ಬಣ್ಣಗಳ ಹೊಳಪಿನ ಕಡೆಗೆ ಹೆಚ್ಚು ಗಮನ ಹರಿಯಿತು. 1924ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಪೋಲಿಕಾರ್, ಅತಿನೇರಳೆ ದೀಪದಡಿ ಇಲಿಗಳ ಗೆಡ್ಡೆಗಳು ಕೆಂಪಗೆ ಹೊಳೆಯುವುದನ್ನು ಕಂಡರು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಜಾರ್ಜ್ ಮೂರ್ ಮಿದುಳಿನ ಗೆಡ್ಡೆಗಳನ್ನು ಗುರುತಿಸಲು ಫ್ಲೋರೆಸೀನನ್ನು ಬಳಸಿದರು. ಆಮೇಲೆ ಸ್ಯಾಮ್ಯುಯೆಲ್ ಶ್ವಾರ್ಟ್ಸ್ ಮತ್ತು ರಿಚರ್ಡ್ ಲಿಪ್ಸನ್ ಅವರ ಕೆಲಸದಿಂದ ಗೆಡ್ಡೆಗಳಲ್ಲಿ ಹೆಚ್ಚು ಸೇರುವ ಹೆಮಟೋಪಾರ್ಫಿರಿನ್ ಮಿಶ್ರಣವೊಂದು ಸಿದ್ಧವಾಯಿತು. ಅದರ ಮೊದಲ ಉದ್ದೇಶವೂ ರೋಗವನ್ನು ಗುರುತಿಸುವುದೇ ಆಗಿತ್ತು.

ಹೊಳೆಯುವ ಬಣ್ಣವನ್ನು ಮತ್ತೆ ಚಿಕಿತ್ಸೆಯ ಕಡೆಗೆ ತಿರುಗಿಸಿದವರು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ರಾಸ್ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯ ಥಾಮಸ್ ಡೋಹರ್ಟಿ. ಜೀವಂತ ಕೋಶಗಳನ್ನು ಗುರುತಿಸಲು ಅವರ ಪ್ರಯೋಗಾಲಯದಲ್ಲಿ ಫ್ಲೋರೆಸೀನ್ ಕೊಡುವ ವಸ್ತುವೊಂದನ್ನು ಬಳಸುತ್ತಿದ್ದರು. ಬೆಳಕು ಬಿದ್ದಾಗ ಆ ಕೋಶಗಳು ಸಾಯುತ್ತಿದ್ದವು. ಪರೀಕ್ಷೆ ಕೆಟ್ಟಿತೆಂದು ಬಿಟ್ಟುಬಿಡಬಹುದಾಗಿದ್ದ ಈ ಸಂಗತಿಯನ್ನು ಅವರು ಬೆನ್ನುಹತ್ತಿ, ಬೆಳಕು ಮತ್ತು ಫ್ಲೋರೆಸೀನಿನಿಂದ ಇಲಿಗಳ ಗೆಡ್ಡೆಗಳ ಬೆಳವಣಿಗೆ ನಿಧಾನವಾಗುವುದನ್ನು 1974ರಲ್ಲಿ ವರದಿಮಾಡಿದರು. ಫ್ಲೋರೆಸೀನ್ ದುರ್ಬಲವಾಗಿತ್ತು, ಅದು ಹೀರುವ ನೀಲಿ ಬೆಳಕು ಆಳಕ್ಕೆ ಇಳಿಯುತ್ತಿರಲಿಲ್ಲ. ಆದ್ದರಿಂದ ಅವರು ಹೆಮಟೋಪಾರ್ಫಿರಿನ್ ಮಿಶ್ರಣ ಮತ್ತು ಕೆಂಪು ಬೆಳಕಿಗೆ ಬದಲಾಯಿಸಿದರು. 1978ರಲ್ಲಿ ಪ್ರಕಟವಾದ ವರದಿಯ ಪ್ರಕಾರ 25 ರೋಗಿಗಳ 113 ಗೆಡ್ಡೆಗಳಲ್ಲಿ 111 ಪೂರ್ತಿಯಾಗಿಯೋ ಭಾಗಶಃವೋ ಕರಗಿದವು. ಆ ಮಿಶ್ರಣದ ಶುದ್ಧೀಕರಿಸಿದ ರೂಪವಾದ ಫೋಟೋಫ್ರಿನ್‌ಗೆ 1993ರಲ್ಲಿ ಕೆನಡಾ ಮೂತ್ರಕೋಶದ ಕ್ಯಾನ್ಸರಿಗೂ, 1995ರಲ್ಲಿ ಅಮೆರಿಕ ಅನ್ನನಾಳದ ಕ್ಯಾನ್ಸರಿಗೂ ಅನುಮತಿ ನೀಡಿದವು.

ಬೆಳಕಿನ ಆಳ

ಅಂಗೈಯನ್ನು ಟಾರ್ಚಿನ ಮೇಲೆ ಮುಚ್ಚಿ ಹಿಡಿದರೆ ಬೆರಳುಗಳ ಅಂಚು ಕೆಂಪಾಗಿ ಕಾಣುತ್ತದೆ. ನೀಲಿ ಮತ್ತು ಹಸಿರು ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುವುದರಿಂದ ಕೆಂಪು ಮಾತ್ರ ದಾಟಿ ಬರುತ್ತದೆ. ಚಿಕಿತ್ಸೆಯ ಗಡಿಯನ್ನೂ ಇದೇ ನಿರ್ಧರಿಸುತ್ತದೆ. 400 ನ್ಯಾನೋಮೀಟರಿನ ನೇರಳೆ ಬೆಳಕು ಅಂಗಾಂಶದಲ್ಲಿ ಒಂದು ಮಿಲಿಮೀಟರಿನಷ್ಟೂ ಪರಿಣಾಮಕಾರಿಯಾಗಿ ಇಳಿಯುವುದಿಲ್ಲ. 630 ನ್ಯಾನೋಮೀಟರಿನ ಕೆಂಪು ಬೆಳಕು ಕೆಲವು ಮಿಲಿಮೀಟರು, 700ರಿಂದ 800 ನ್ಯಾನೋಮೀಟರಿನ ಬೆಳಕು ಸುಮಾರು ಒಂದು ಸೆಂಟಿಮೀಟರು ತಲುಪುತ್ತದೆ. 800 ನ್ಯಾನೋಮೀಟರನ್ನು ಬಹಳ ದಾಟಿ ಹೋಗುವಂತೆಯೂ ಇಲ್ಲ. ಆ ಬೆಳಕಿನ ಫೋಟಾನುಗಳಲ್ಲಿ ಆಮ್ಲಜನಕವನ್ನು ಸಿಂಗ್ಲೆಟ್ ಸ್ಥಿತಿಗೆ ಏರಿಸಲು ಬೇಕಾದಷ್ಟು ಶಕ್ತಿ ಉಳಿದಿರುವುದಿಲ್ಲ. 800 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬೆಳಕು ಹೀರುವ ಇಂಡೋಸಯನಿನ್ ಹಸಿರು ಎಂಬ ಬಣ್ಣ ಹೆಚ್ಚಾಗಿ ಚಿತ್ರಣಕ್ಕೆ, ಇಲ್ಲವೇ ಶಾಖದಿಂದ ಗೆಡ್ಡೆಯನ್ನು ಸುಡುವ ಪ್ರಯೋಗಗಳಿಗೆ ಬಳಕೆಯಾಗುತ್ತದೆ.

ದೇಹದೊಳಗಿನ ಅಂಗಗಳಿಗೆ ತೆಳುವಾದ ಬೆಳಕಿನ ತಂತುಗಳನ್ನು ಎಂಡೋಸ್ಕೋಪಿನ ಮೂಲಕ ತೂರಿಸಿ ಲೇಸರ್ ಬೆಳಕನ್ನು ಒಯ್ಯುತ್ತಾರೆ. ದಪ್ಪ ಗೆಡ್ಡೆಗಳಿದ್ದರೆ ತಂತುವನ್ನು ಗೆಡ್ಡೆಯೊಳಕ್ಕೇ ಚುಚ್ಚುವುದುಂಟು.

ಬಳಕೆಯಲ್ಲಿರುವ ಔಷಧಗಳು

ಫೋಟೋಫ್ರಿನ್‌ನಲ್ಲಿ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 2 ಮಿಲಿಗ್ರಾಂ ಔಷಧವನ್ನು ರಕ್ತನಾಳಕ್ಕೆ ಚುಚ್ಚಿ, 40ರಿಂದ 50 ಗಂಟೆ ಕಾದು, 630 ನ್ಯಾನೋಮೀಟರಿನ ಬೆಳಕು ಹಾಯಿಸುತ್ತಾರೆ. ಆ ಹೊತ್ತಿಗೆ ಆರೋಗ್ಯವಂತ ಅಂಗಾಂಶದಿಂದ ಔಷಧ ಬಹುಪಾಲು ತೊಲಗಿದ್ದು, ಗೆಡ್ಡೆ ಮತ್ತು ಚರ್ಮಗಳಲ್ಲಿ ಉಳಿದಿರುತ್ತದೆ. ಟೆಮೊಪಾರ್ಫಿನ್ ಎಂಬ ಔಷಧ 652 ನ್ಯಾನೋಮೀಟರಿನ ಬೆಳಕನ್ನು ಬಲವಾಗಿ ಹೀರುವುದರಿಂದ ಅದರ ಅತ್ಯಲ್ಪ ಪ್ರಮಾಣ ಸಾಕು. ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರಿನಲ್ಲಿ ಇತರ ಚಿಕಿತ್ಸೆಗಳು ಫಲಿಸದಿದ್ದಾಗ ಬಳಸಲು ಐರೋಪ್ಯ ಒಕ್ಕೂಟ 2001ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಜಪಾನಿನಲ್ಲಿ ಶ್ವಾಸಕೋಶದ ಆರಂಭದ ಹಂತದ ಕ್ಯಾನ್ಸರಿಗೆ ಟಾಲಪಾರ್ಫಿನ್ 2003ರಿಂದ ಇದೆ. ಇದು ಎಲೆಯ ಪತ್ರಹರಿತ್ತಿನ ರಾಸಾಯನಿಕ ಬಂಧು.

ಅಮೈನೋಲೆವುಲಿನಿಕ್ ಆಮ್ಲ, ಅಂದರೆ ಎಎಲ್‌ಎ, ಇವೆಲ್ಲಕ್ಕಿಂತ ಬೇರೆ. ಅದು ಬಣ್ಣವಲ್ಲ. ರಕ್ತದ ಹೀಮ್ ಅಣುವನ್ನು ಕಟ್ಟುವಾಗ ದೇಹ ತಾನೇ ತಯಾರಿಸಿಕೊಳ್ಳುವ ಸಣ್ಣ ಅಣು ಅದು. ಹೊರಗಿನಿಂದ ಹೆಚ್ಚಾಗಿ ಕೊಟ್ಟಾಗ ಕೋಶಗಳು ಅದನ್ನು ಪ್ರೋಟೋಪಾರ್ಫಿರಿನ್ ಎಂಬ ಬಣ್ಣವಾಗಿ ಮಾರ್ಪಡಿಸುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಈ ಬಣ್ಣಕ್ಕೆ ಕಬ್ಬಿಣ ಸೇರಿಸುವ ಮುಂದಿನ ಹೆಜ್ಜೆ ಹಿಂದೆ ಬೀಳುವುದರಿಂದ ಅದು ಅಲ್ಲಿಯೇ ಶೇಖರವಾಗುತ್ತದೆ, ನೀಲಿ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ. ಔಷಧವನ್ನು ರೋಗಿಯ ಜೀವಕೋಶವೇ ತಯಾರಿಸುವ ಈ ಉಪಾಯ ಇಡೀ ಕ್ಷೇತ್ರದಲ್ಲೇ ಜಾಣತನದ್ದು. ಬಿಸಿಲಿನಿಂದ ಹಾಳಾದ ಚರ್ಮದ ಪೂರ್ವಕ್ಯಾನ್ಸರ್ ಗಾಯಗಳಿಗೆ 1999ರಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿತು. ಮಿದುಳಿನ ಗ್ಲಿಯೋಮಾ ಗೆಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಕೊಲ್ಲಲು ಅಲ್ಲ, ತೋರಿಸಲು ಬಳಸುತ್ತಾರೆ. 2006ರಲ್ಲಿ ಜರ್ಮನಿಯಿಂದ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಬೆಳಕಿನಡಿ ಶೇ. 36ರಷ್ಟು ರೋಗಿಗಳಲ್ಲಿ ಗೆಡ್ಡೆಯ ಕಾಣುವ ಭಾಗವನ್ನೆಲ್ಲ ತೆಗೆಯಲು ಸಾಧ್ಯವಾಗಿದ್ದರೆ, ಎಎಲ್‌ಎ ಹೊಳಪಿನ ನೆರವಿನಿಂದ ಶೇ. 65ರಷ್ಟು ರೋಗಿಗಳಲ್ಲಿ ಸಾಧ್ಯವಾಯಿತು.

ಬಣ್ಣವನ್ನು ಗೆಡ್ಡೆಗಷ್ಟೇ ತಲುಪಿಸುವ ಇನ್ನೊಂದು ದಾರಿಯೆಂದರೆ ಅದನ್ನು ಪ್ರತಿಕಾಯಕ್ಕೆ ಕಟ್ಟುವುದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಿಸತಾಕ ಕೊಬಯಾಶಿ ತಂಡ 2011ರಲ್ಲಿ ಐಆರ್700 ಎಂಬ ಪ್ರತಿದೀಪ್ತ ಬಣ್ಣವನ್ನು ಹೀಗೆ ಬಳಸಿದ್ದನ್ನು ಪ್ರಕಟಿಸಿತು. ಸುಮಾರು 690 ನ್ಯಾನೋಮೀಟರಿನ ಬೆಳಕು ಬಿದ್ದಾಗ ನೀರಿನಲ್ಲಿ ಕರಗುವ ಭಾಗ ಅಣುವಿನಿಂದ ಕಳಚಿಬಿದ್ದು, ಪ್ರತಿಕಾಯದ ಆಕಾರ ಕೆಟ್ಟು, ಅದು ಅಂಟಿಕೊಂಡಿದ್ದ ಕೋಶಪೊರೆ ಹರಿಯುತ್ತದೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಸಿಂಗ್ಲೆಟ್ ಆಮ್ಲಜನಕವೇ ಪ್ರಧಾನವೆಂಬ ಹಳೆಯ ತಿಳಿವಳಿಕೆ ಇಲ್ಲಿ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಸೆಟುಕ್ಸಿಮಾಬ್ ಪ್ರತಿಕಾಯಕ್ಕೆ ಈ ಬಣ್ಣ ಕಟ್ಟಿದ ಔಷಧಕ್ಕೆ 2020ರಲ್ಲಿ ಜಪಾನ್, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ತಲೆ ಮತ್ತು ಕತ್ತಿನ ಕ್ಯಾನ್ಸರಿಗಾಗಿ ಷರತ್ತುಬದ್ಧ ಅನುಮತಿ ನೀಡಿತು.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಕಾರ್ಬನಿಕ ಮತ್ತು ಭೌತ ರಸಾಯನಶಾಸ್ತ್ರ ವಿಭಾಗದಲ್ಲಿ ಅಖಿಲ್ ಆರ್. ಚಕ್ರವರ್ತಿ ಅವರ ತಂಡ ಎರಡು ದಶಕಗಳಷ್ಟು ಕಾಲ ಬೆಳಕಿನಿಂದ ಸಕ್ರಿಯವಾಗುವ ಲೋಹಸಂಯುಕ್ತಗಳ ಮೇಲೆ ಕೆಲಸ ಮಾಡಿದೆ. ಮೊದಲ ಹಂತದಲ್ಲಿ ತಾಮ್ರ, ವನೇಡಿಯಂ ಮುಂತಾದ ಲೋಹಗಳ ಸಂಯುಕ್ತಗಳು ಕೆಂಪು ಬೆಳಕಿನಲ್ಲಿ ಡಿಎನ್ಎಯನ್ನು ತುಂಡರಿಸಬಲ್ಲವೇ ಎಂಬುದನ್ನು ಪರಿಶೀಲಿಸಲಾಯಿತು. ಬಳಿಕ ಅದೇ ಸಂಸ್ಥೆಯ ಜೀವವಿಜ್ಞಾನಿಗಳಾದ ಪಿ. ಕೊಂಡಯ್ಯ, ಅಂಜಲಿ ಕಾರಂಡೆ ಮುಂತಾದವರ ಸಹಯೋಗದಲ್ಲಿ ಪ್ರಯೋಗಗಳು ಕ್ಯಾನ್ಸರ್ ಕೋಶಗಳಿಗೆ ವಿಸ್ತರಿಸಿದವು.

ಹೊಳಪು ಮತ್ತು ಮಾರಕತೆಯ ಪೈಪೋಟಿಗೆ ಈ ತಂಡದ ಬೋಡಿಪಿ ಸಂಯುಕ್ತಗಳು ಒಳ್ಳೆಯ ಉದಾಹರಣೆ. ಬೋಡಿಪಿ ಎಂಬುದು ಬೋರಾನ್ ಇರುವ, ಪ್ರಖರವಾಗಿ ಹೊಳೆಯುವ ಬಣ್ಣಗಳ ಕುಟುಂಬ. 2018ರಲ್ಲಿ ಪ್ರಕಟವಾದ ಕೆಲಸದಲ್ಲಿ ಪ್ಲಾಟಿನಂ ಸಂಯುಕ್ತವೊಂದಕ್ಕೆ ಬೋಡಿಪಿಯನ್ನು ಎರಡು ರೂಪಗಳಲ್ಲಿ ಜೋಡಿಸಲಾಯಿತು. ಅಯೋಡಿನ್ ಇಲ್ಲದ ರೂಪ ಹೊಳೆದು, ಸಂಯುಕ್ತ ಮೈಟೋಕಾಂಡ್ರಿಯದಲ್ಲಿ ನೆಲೆಸುವುದನ್ನು ಸೂಕ್ಷ್ಮದರ್ಶಕದಡಿ ತೋರಿಸಿತು. ಎರಡು ಅಯೋಡಿನ್ ಪರಮಾಣುಗಳಿರುವ ರೂಪ ಬೆಳಕಿನಲ್ಲಿ ಸಿಂಗ್ಲೆಟ್ ಆಮ್ಲಜನಕವನ್ನು ಉಂಟುಮಾಡಿ ಕೋಶಗಳನ್ನು ಕೊಂದಿತು. ಒಂದು ರೂಪ ದಾರಿ ತೋರಿಸಿದರೆ ಇನ್ನೊಂದು ಕೆಲಸ ಮಾಡಿತು ಎನ್ನಬಹುದು.

ಇದೇ ತಂಡ ಅರಿಸಿನದ ಹಳದಿ ಬಣ್ಣವಾದ ಕರ್ಕ್ಯುಮಿನ್ ಮೇಲೂ ಗಮನ ಹರಿಸಿದೆ. ಕರ್ಕ್ಯುಮಿನ್ ಸ್ವತಃ ಪ್ರತಿದೀಪ್ತ. ನೀಲಿ ಬೆಳಕನ್ನು ಹೀರಿ ಕೋಶಗಳಿಗೆ ಹಾನಿ ಮಾಡಬಲ್ಲದು. ಆದರೆ ದೇಹದ ದ್ರವಗಳಲ್ಲಿ ಅದು ಬೇಗ ಒಡೆದುಹೋಗುತ್ತದೆ, ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಲೋಹಕ್ಕೆ ಕಟ್ಟಿದಾಗ ಅದು ಸ್ಥಿರವಾಗುತ್ತದೆ. 2015ರಲ್ಲಿ ವರದಿಯಾದ ಪ್ಲಾಟಿನಂ-ಕರ್ಕ್ಯುಮಿನ್ ಸಂಯುಕ್ತದಲ್ಲಿ ಬೆಳಕು ಬಿದ್ದಾಗ ಎರಡೂ ಬೇರ್ಪಡುತ್ತವೆ: ಪ್ಲಾಟಿನಂ ಭಾಗ ಸಿಸ್‌ಪ್ಲಾಟಿನ್ ಔಷಧದಂತೆ ಡಿಎನ್ಎಗೆ ಅಂಟುತ್ತದೆ, ಕರ್ಕ್ಯುಮಿನ್ ದ್ಯುತಿಸಂವೇದಕವಾಗುತ್ತದೆ. ಕೋಬಾಲ್ಟ್ ಸಂಯುಕ್ತಗಳಿಂದಲೂ ಬೆಳಕಿನ ಮೂಲಕ ಕರ್ಕ್ಯುಮಿನ್ ಬಿಡುಗಡೆ ಮಾಡಿಸಲಾಗಿದೆ. ಇವು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲಿನ ಫಲಿತಾಂಶಗಳು. ರೋಗಿಗಳಿಗೆ ಕೊಡುವ ಔಷಧಗಳಲ್ಲ. ಅರಿಸಿನ ತಿಂದು ಬಿಸಿಲು ಕಾಯಿಸಿಕೊಂಡರೆ ಕ್ಯಾನ್ಸರ್ ಗುಣವಾಗುತ್ತದೆಂದು ಇವುಗಳಿಂದ ಅರ್ಥೈಸುವುದು ತಪ್ಪು. ಅಡುಗೆಯಲ್ಲಿ ಸೇವಿಸಿದ ಅರಿಸಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ.

ಮಣಿಪಾಲದ ಸಂಶೋಧಕರು ಹೊರಗಿನ ಬಣ್ಣವನ್ನೇ ಸೇರಿಸದೆ, ಅಂಗಾಂಶದ ಸಹಜ ಪ್ರತಿದೀಪ್ತಿಯನ್ನು ಲೇಸರ್ ಮೂಲಕ ಅಳೆದು ಬಾಯಿ ಮತ್ತು ಗರ್ಭಕೊರಳಿನ ಕ್ಯಾನ್ಸರನ್ನು ಗುರುತಿಸುವ ವಿಧಾನಗಳನ್ನು ಅಧ್ಯಯನ ಮಾಡಿದ್ದಾರೆ.

ಬಾಯಿಯ ಕ್ಯಾನ್ಸರ್ ಮತ್ತು ಅಡಿಕೆ ನಾಡು

ಈ ಚಿಕಿತ್ಸೆ ಭಾರತಕ್ಕೆ ಹೆಚ್ಚು ಪ್ರಸ್ತುತವಾಗುವುದು ಬಾಯಿಯ ಕ್ಯಾನ್ಸರಿನ ವಿಷಯದಲ್ಲಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ತಂಬಾಕು ಬೆರೆಸದಿದ್ದರೂ ಅಡಿಕೆ ಜಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ತೀರ್ಮಾನಿಸಿ ಅಡಿಕೆಯನ್ನು ಮೊದಲನೆಯ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆಯ 2024ರ ಅಂದಾಜಿನಂತೆ, 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಸುಮಾರು 3,89,800 ಬಾಯಿಯ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅವುಗಳಲ್ಲಿ 83,400 ಭಾರತದ್ದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ಜೀವನಾಧಾರದ ಬೆಳೆ. ಕಡಹಿನಬೈಲಿನಂಥ ಹಳ್ಳಿಗಳಿರುವ ಈ ಮಲೆನಾಡಿನಲ್ಲಿ ಎಲೆ ಅಡಿಕೆ ಅತಿಥಿ ಸತ್ಕಾರಕ್ಕೂ ಶುಭಕಾರ್ಯಕ್ಕೂ ಬೇಕೇ ಬೇಕು. ಆದ್ದರಿಂದ ಇಲ್ಲಿ ಈ ವೈದ್ಯಕೀಯ ತೀರ್ಮಾನ ಬೇರೆಡೆಗಿಂತ ಭಾರವಾಗಿ ಕೇಳಿಸುತ್ತದೆ. ದೀರ್ಘಕಾಲ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲು ಕಷ್ಟವಾಗುವ ನಾರುಗಟ್ಟುವ ರೋಗ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆಗಳು ಕ್ಯಾನ್ಸರಿಗೆ ಮುನ್ಸೂಚನೆಯಾಗಬಹುದು. ಇಂಥ ಮಚ್ಚೆಗಳು ತೆಳುವಾಗಿರುತ್ತವೆ ಮತ್ತು ಬಾಯಿ ತೆರೆದರೆ ಬೆಳಕಿಗೆ ಸಿಗುತ್ತವೆ. ಕತ್ತರಿಸಿ ತೆಗೆದರೆ ಮಾತು, ನುಂಗುವಿಕೆಗಳಿಗೆ ತೊಡಕಾಗಬಹುದಾದ ಜಾಗ ಅದು. ಬಣ್ಣ ಮತ್ತು ಬೆಳಕಿನ ಚಿಕಿತ್ಸೆಯಲ್ಲಿ ಕೋಶಗಳು ಸತ್ತರೂ ಅವುಗಳನ್ನು ಹಿಡಿದಿಡುವ ನಾರಿನ ಜಾಲ ಬಹುಮಟ್ಟಿಗೆ ಉಳಿಯುವುದರಿಂದ ಗಾಯ ಕಡಿಮೆ ಕಲೆಯೊಂದಿಗೆ ಮಾಯುತ್ತದೆ.

ತೊಡಕಿರುವುದು ಉಪಕರಣದಲ್ಲಿ. ಆಸ್ಪತ್ರೆಯ ಲೇಸರ್ ಯಂತ್ರ ದುಬಾರಿ, ಅದಕ್ಕೆ ಸ್ಥಿರವಾದ ವಿದ್ಯುತ್ತೂ ತರಬೇತಾದ ಸಿಬ್ಬಂದಿಯೂ ಬೇಕು. ಇದಕ್ಕೆ ಪರಿಹಾರವೆಂದು ಅಮೆರಿಕದ ಸಂಶೋಧಕರು ಮತ್ತು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ವೈದ್ಯರು ಸೇರಿ, ಬ್ಯಾಟರಿಯಿಂದ ನಡೆಯುವ ಎಲ್‌ಇಡಿ ದೀಪದ ಸಾಧನವನ್ನು ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಬಾಯಿಯ ಆರಂಭದ ಹಂತದ ಕ್ಯಾನ್ಸರಿದ್ದವರಿಗೆ ಎಎಲ್‌ಎಯನ್ನು ಕುಡಿಸಿ, ಸ್ಮಾರ್ಟ್‌ಫೋನಿಗೆ ಜೋಡಿಸಿದ ಚಿತ್ರಣ ಸಾಧನದಿಂದ ಗೆಡ್ಡೆಯ ಕೆಂಪು ಹೊಳಪನ್ನು ನೋಡಿ, ಬಳಿಕ ಕೆಂಪು ಬೆಳಕನ್ನು ಹಾಯಿಸಲಾಯಿತು. ಹೆಚ್ಚಿನ ಗೆಡ್ಡೆಗಳು ಪೂರ್ತಿಯಾಗಿ ಕರಗಿದವು. ರೋಗಿಗಳ ಸಂಖ್ಯೆ ಸುಮಾರು 30 ಮಾತ್ರ. ಆದರೂ ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ಪ್ರದೇಶಗಳ ದೃಷ್ಟಿಯಿಂದ ಇದು ಗಮನಾರ್ಹ. ಬೆಳಕನ್ನು ಒಮ್ಮೆಲೇ ಹಾಯಿಸದೆ ನಡುನಡುವೆ ನಿಲ್ಲಿಸುವ ಕ್ರಮವನ್ನು ಅಲ್ಲಿ ಅನುಸರಿಸಲಾಯಿತು. ಚಿಕಿತ್ಸೆ ಆಮ್ಲಜನಕವನ್ನು ಖರ್ಚುಮಾಡುವುದರಿಂದ, ರಕ್ತ ಅದನ್ನು ಮತ್ತೆ ತುಂಬಿಕೊಡಲು ಬಿಡುವು ಬೇಕಾಗುತ್ತದೆ.

ಅಡ್ಡಪರಿಣಾಮಗಳು ಮತ್ತು ಮಿತಿಗಳು

ಬೆಳಕು ಹಾಯಿಸುವಾಗ ಉರಿ ಮತ್ತು ನೋವು, ಆಮೇಲೆ ಊತ ಸಾಮಾನ್ಯ. ಗೆಡ್ಡೆಯ ಒಳಭಾಗದಲ್ಲಿ ರಕ್ತಸಂಚಾರ ಕಡಿಮೆಯಿದ್ದು ಆಮ್ಲಜನಕದ ಕೊರತೆಯಿದ್ದರೆ ಅಲ್ಲಿನ ಕೋಶಗಳು ಉಳಿದುಕೊಳ್ಳುತ್ತವೆ. ಬೆಳಕು ತಲುಪದ ಆಳದಲ್ಲಿ ರೋಗ ಹಾಗೆಯೇ ಇರುತ್ತದೆ. ಮೆಲನಿನ್ ಬೆಳಕನ್ನು ಹೀರುವುದರಿಂದ ದಟ್ಟ ವರ್ಣದ ಗೆಡ್ಡೆಗಳಲ್ಲಿಯೂ ಪರಿಣಾಮ ತಗ್ಗುತ್ತದೆ.

ಬಿಸಿಲಿನ ಸೂಕ್ಷ್ಮತೆ ರೋಗಿಯ ದಿನಚರಿಯನ್ನೇ ಬದಲಿಸುತ್ತದೆ. ಎಎಲ್‌ಎ ಪಡೆದವರಲ್ಲಿ ಇದು ಒಂದೆರಡು ದಿನಗಳಲ್ಲಿ ಇಳಿದರೆ, ಫೋಟೋಫ್ರಿನ್ ಪಡೆದವರು ಕನಿಷ್ಠ 30 ದಿನ ಚರ್ಮ ಮತ್ತು ಕಣ್ಣುಗಳನ್ನು ಬಿಸಿಲಿನಿಂದ ಕಾಪಾಡಿಕೊಳ್ಳಬೇಕು. ಅತಿನೇರಳೆ ಕಿರಣವನ್ನು ತಡೆಯುವ ಲೇಪಗಳಿಂದ ಇಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಔಷಧ ಹೀರುವುದು ಕಣ್ಣಿಗೆ ಕಾಣುವ ಬೆಳಕನ್ನು. ಕಿಟಕಿಯ ಗಾಜು ಅದನ್ನು ತಡೆಯುವುದಿಲ್ಲ, ಮೋಡ ಮುಸುಕಿದ ದಿನವೂ ಪೂರ್ತಿ ಸುರಕ್ಷಿತವಲ್ಲ. ಉದ್ದ ತೋಳಿನ ದಟ್ಟ ಬಟ್ಟೆ, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕಗಳೇ ರಕ್ಷಣೆ. ಕೊಯ್ಲಿನ ದಿನಗಳಲ್ಲಿ ಅಂಗಳದಲ್ಲಿ ಅಡಿಕೆ ಹರಡಿ ಒಣಗಿಸುವ ಕೃಷಿಕರಿಗೆ ಒಂದು ತಿಂಗಳ ಈ ನಿರ್ಬಂಧ ಒಂದು ಹಂಗಾಮಿನ ದುಡಿಮೆಯ ಪ್ರಶ್ನೆಯೂ ಆಗುವುದರಿಂದ, ಚಿಕಿತ್ಸೆಯ ದಿನವನ್ನು ಗೊತ್ತುಮಾಡುವ ಮುನ್ನ ಇದನ್ನು ವೈದ್ಯರೊಂದಿಗೆ ಚರ್ಚಿಸಬೇಕಾಗುತ್ತದೆ. ಹಾಗೆಂದು ರೋಗಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸುವುದೂ ಸರಿಯಲ್ಲ. ಮನೆಯೊಳಗಿನ ಮಂದ ಬೆಳಕು ಚರ್ಮದಲ್ಲಿ ಉಳಿದ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಒಡೆಯುತ್ತ ಬರುತ್ತದೆ. ಅವಧಿ ಮುಗಿದ ಮೇಲೆ ಚರ್ಮದ ಸಣ್ಣ ಭಾಗವೊಂದನ್ನು ಸುಮಾರು ಹತ್ತು ನಿಮಿಷ ಬಿಸಿಲಿಗೆ ಒಡ್ಡಿ, 24 ಗಂಟೆಗಳೊಳಗೆ ಕೆಂಪಾಗದಿದ್ದರೆ ಮಾತ್ರ ಹೊರಗಿನ ಕೆಲಸಕ್ಕೆ ಕ್ರಮೇಣ ಮರಳಲು ಸೂಚಿಸಲಾಗುತ್ತದೆ.